ಐನೂರು ಕಾರುಗಳ ಲೆಕ್ಕ

1967ರಲ್ಲಿ ಜರ್ಮನಿಯ ಪೋರ್ಷೆ ಕಂಪನಿ ತನ್ನ 911 ಕಾರಿನಿಂದ ಬೇಡದ್ದನ್ನೆಲ್ಲ ಕಿತ್ತು ಒಂದು ಹಗುರ ಕಾರು ಮಾಡಿತು. ಬಾಗಿಲು, ಬಾನೆಟ್, ಬಂಪರ್ ಎಲ್ಲ ಫೈಬರ್‌ಗ್ಲಾಸಿನವು. ಕಿಟಕಿಗಳಿಗೆ ಗಾಜಿನ ಬದಲು ಪ್ಲಾಸ್ಟಿಕ್. ತೂಕ ಸುಮಾರು 800 ಕೆ.ಜಿ. ಹಿಂಬದಿಯಲ್ಲಿ ರೇಸ್ ಕಾರಿನಿಂದ ತಂದು ಕೂರಿಸಿದ 210 ಅಶ್ವಶಕ್ತಿಯ ಎಂಜಿನ್. 911 ಆರ್ ಎಂಬ ಹೆಸರಿನ ಈ ಕಾರು ಅದೇ ವರ್ಷ ಇಟಲಿಯ ಮೊಂಝಾ ಟ್ರ್ಯಾಕಿನಲ್ಲಿ 20,000 ಕಿ.ಮೀ. ದೂರವನ್ನು ಗಂಟೆಗೆ ಸರಾಸರಿ 209 ಕಿ.ಮೀ. ವೇಗದಲ್ಲಿ ಓಡಿ ದಾಖಲೆ ಮಾಡಿತು. ಇಷ್ಟೆಲ್ಲ ಇದ್ದೂ ಜಿಟಿ ವರ್ಗದಲ್ಲಿ ಸ್ಪರ್ಧಿಸುವ ಹಕ್ಕು ಅದಕ್ಕೆ ಸಿಗಲಿಲ್ಲ. ಆ ವರ್ಗಕ್ಕೆ ಸೇರಬೇಕಾದರೆ ಅಂಥ 500 ಕಾರುಗಳನ್ನು ತಯಾರಿಸಬೇಕಿತ್ತು. ಅಷ್ಟನ್ನು ಮಾರುವುದು ಆಗದ ಮಾತು ಎಂದು ಮಾರಾಟ ವಿಭಾಗ ಕೈಚೆಲ್ಲಿತು. ಪ್ರಯೋಗದ ಕಾರುಗಳನ್ನು ಬಿಟ್ಟರೆ ಇಪ್ಪತ್ತಕ್ಕೇ 911 ಆರ್ ನಿಂತುಹೋಯಿತು.

ಐದು ವರ್ಷ ಕಳೆದ ಮೇಲೆ, 1972ರಲ್ಲಿ, ಅದೇ ಮಾರಾಟ ವಿಭಾಗದ ಮುಂದೆ ಅದೇ 500ರ ಪ್ರಶ್ನೆ ಮತ್ತೆ ಬಂದು ನಿಂತಿತು. ಅವರ ಅನುಮಾನ ಕಡಿಮೆಯಾಗಿರಲಿಲ್ಲ. ಆದರೆ ಈ ಸಲ ಕಾರು ತಯಾರಾಯಿತು. ರಸ್ತೆಯ ಕಾರೊಂದು ರೇಸ್ ಕಾರಾಗಿ, ಆ ರೇಸ್ ಕಾರು ಕಂಪನಿಯ ಅಂಗಳ ದಾಟಿ ಖಾಸಗಿ ತಂಡಗಳ ಪಾಲಾಗಿ, ಅದರ ಸುತ್ತ ಒಂದು ದೊಡ್ಡ ವ್ಯಾಪಾರವೇ ಬೆಳೆದ ಚರಿತ್ರೆಯಲ್ಲಿ ಇಷ್ಟು ನಿಚ್ಚಳವಾದ ತಿರುವು ಮತ್ತೊಂದು ಸಿಗುವುದು ಕಷ್ಟ.

ರೇಸ್ ಟ್ರ್ಯಾಕಿಗೆ ಬರುವ ತಂಡಗಳಲ್ಲಿ ಎರಡು ಬಗೆ. ಒಂದು, ಕಾರು ತಯಾರಿಸುವ ಕಂಪನಿಯದೇ ತಂಡ. ಅದಕ್ಕೆ ಹಣ, ಎಂಜಿನಿಯರುಗಳು, ಚಾಲಕರು ಎಲ್ಲ ಕಂಪನಿಯಿಂದಲೇ ಬರುತ್ತಾರೆ. ಇನ್ನೊಂದು, ಕೈಯಿಂದ ದುಡ್ಡು ಹಾಕಿ ಕಾರು ಕೊಂಡು ಓಡಿಸುವ ಖಾಸಗಿ ತಂಡ. ಅದರ ಮಾಲೀಕ ಕಾರಿನ ಡೀಲರ್ ಆಗಿರಬಹುದು, ಗ್ಯಾರೇಜ್ ನಡೆಸುವವನಾಗಿರಬಹುದು, ವಾರದ ಕೊನೆಗೆ ಹೆಲ್ಮೆಟ್ ತೊಡುವ ಉದ್ಯಮಿಯಾಗಿರಬಹುದು. ಈ ಎರಡನೆಯ ಗುಂಪಿಗೆಂದೇ ಕಂಪನಿ ತಯಾರಿಸಿ, ಬೆಲೆ ಕಟ್ಟಿ, ಬಿಡಿಭಾಗದ ಹೊಣೆ ಹೊತ್ತು ಮಾರುವ ಗಾಡಿಯೇ ಕಸ್ಟಮರ್ ರೇಸ್ ಕಾರು. ಟೀವಿಯಲ್ಲಿ ಕಾಣುವುದು ಹೆಚ್ಚಾಗಿ ಕಂಪನಿಗಳ ಕಾದಾಟವಾದರೂ ಟ್ರ್ಯಾಕುಗಳನ್ನು ವರ್ಷವಿಡೀ ತುಂಬಿರುವವರು ಈ ಖಾಸಗಿಯವರು. ಅವರಿಲ್ಲದೆ ಇಪ್ಪತ್ತನಾಲ್ಕು ಗಂಟೆಯ ಯಾವ ರೇಸೂ ನಡೆಯದು.

ಕಾರು ಇಷ್ಟು ಸಂಖ್ಯೆಯಲ್ಲಿ ತಯಾರಾಗಿರಬೇಕೆಂಬ ನಿಯಮದ ಹಿಂದೆ ಸರಳವಾದೊಂದು ಆಸೆಯಿತ್ತು. ಜಿಟಿ ವರ್ಗದಲ್ಲಿ ಓಡುವ ಕಾರು ಜನ ಅಂಗಡಿಯಲ್ಲಿ ಕೊಳ್ಳಬಹುದಾದ ಕಾರಿನ ರಕ್ತಸಂಬಂಧಿಯಾಗಿರಬೇಕು ಎಂಬುದು ಆ ಆಸೆ. ತಯಾರಕರು ಅದಕ್ಕೆ ಅಡ್ಡದಾರಿಗಳನ್ನು ಹುಡುಕಿದ್ದೂ ಉಂಟು. 1962ರಲ್ಲಿ ಫೆರಾರಿ ತನ್ನ 250 ಜಿಟಿಒವನ್ನು ಹಿಂದಿನ 250 ಜಿಟಿಯ ಇನ್ನೊಂದು ರೂಪವೆಂದು ತೋರಿಸಿ ಮಾನ್ಯತೆ ಪಡೆಯಿತು. ತಯಾರಾದದ್ದು 40ಕ್ಕೂ ಕಡಿಮೆ. ಪೋರ್ಷೆ 1972ರಲ್ಲಿ ಹಿಡಿದದ್ದು ನೇರ ದಾರಿ. ಅದಕ್ಕೇ ಅದರ ಕಥೆ ಹೆಚ್ಚು ಕಲಿಸುತ್ತದೆ.

ಆ ವರ್ಷ ಕಂಪನಿ ಇಕ್ಕಟ್ಟಿನಲ್ಲಿತ್ತು. 1970 ಮತ್ತು 1971ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಯ ರೇಸನ್ನು ಗೆದ್ದುಕೊಟ್ಟ 917 ಕಾರಿಗೆ ಹೊಸ ನಿಯಮ ಬಾಗಿಲು ಮುಚ್ಚಿತ್ತು. 1972ರಿಂದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೂರು ಲೀಟರಿಗಿಂತ ದೊಡ್ಡ ಎಂಜಿನ್ನಿನ, ರೇಸಿಗೆಂದೇ ಕಟ್ಟಿದ ಪ್ರೋಟೊಟೈಪ್ ಕಾರುಗಳು ಓಡುವಂತಿರಲಿಲ್ಲ. ಮನೆಯೊಳಗೂ ಬದಲಾವಣೆ. ಮಾಲೀಕರಾದ ಪೋರ್ಷೆ ಮತ್ತು ಪಿಯೆಖ್ ಕುಟುಂಬದವರು ದಿನನಿತ್ಯದ ಆಡಳಿತದಿಂದ ಹಿಂದೆ ಸರಿದು ಎರ್ನ್‌ಸ್ಟ್ ಫೂರ್ಮನ್ ಕಂಪನಿಯ ಮುಖ್ಯಸ್ಥನಾದ. 1950ರ ದಶಕದಲ್ಲಿ ಇದೇ ಕಂಪನಿಯಲ್ಲಿದ್ದಾಗ ನಾಲ್ಕು ಕ್ಯಾಮ್‌ಶಾಫ್ಟುಗಳ ಪ್ರಸಿದ್ಧ ಕರೇರಾ ಎಂಜಿನ್ನನ್ನು ರೂಪಿಸಿದವನು ಅವನೇ. ಆ ಮನುಷ್ಯ ಹೊಸ ಪ್ರೋಟೊಟೈಪಿಗೆ ದುಡ್ಡು ಸುರಿಯುವ ಬದಲು ಅಂಗಡಿಯಲ್ಲಿ ಮಾರುತ್ತಿದ್ದ 911ನ್ನೇ ರೇಸಿಗೆ ಹದಗೊಳಿಸಲು ಹೇಳಿದ. ಬೇಕಾದದ್ದು ಗ್ರೂಪ್ 4 ಎಂಬ ಜಿಟಿ ವರ್ಗದ ಮಾನ್ಯತೆ. ಅದಕ್ಕೆ ಹನ್ನೆರಡು ತಿಂಗಳಲ್ಲಿ 500 ಕಾರು.

ಇಲ್ಲಿಂದ ಮುಂದಿನ ಕೆಲಸ ತಲೆಕೆಳಗಾಗಿ ನಡೆಯಿತು. ಸಾಮಾನ್ಯವಾಗಿ ರಸ್ತೆಯ ಕಾರು ಮೊದಲು, ಅದರಿಂದ ರೇಸ್ ಕಾರು. ಪೋರ್ಷೆಯ ಎಂಜಿನಿಯರುಗಳು ರೇಸ್ ಕಾರಿಗೆ ಏನೇನು ಬೇಕೆಂದು ಮೊದಲು ಪಟ್ಟಿ ಮಾಡಿದರು. ಅವಕ್ಕೆಲ್ಲ ಅನುಮತಿ ಸಿಗುವಂಥ ರಸ್ತೆ ಕಾರನ್ನು ಆಮೇಲೆ ಕಟ್ಟಿದರು. ನಿಯಮದ ಪ್ರಕಾರ ರೇಸ್ ಕಾರಿನ ಚಕ್ರಗಳು ಅಗಲವಾಗಬಹುದು, ಆದರೆ ಮಾನ್ಯತೆ ಪಡೆದ ಕಾರಿನ ಮಡ್‌ಗಾರ್ಡಿನ ಅಗಲಕ್ಕೆ ಹೋಲಿಸಿ ಇಷ್ಟೇ ಎಂಬ ಮಿತಿಯಿತ್ತು. ಹಾಗಾದರೆ ರಸ್ತೆ ಕಾರಿನ ಹಿಂಭಾಗವನ್ನೇ ಮೊದಲು ಅಗಲಿಸಬೇಕು. ಮುಂದೆ 6 ಇಂಚು, ಹಿಂದೆ 7 ಇಂಚು ಅಗಲದ ರಿಮ್‌ಗಳು ಬಂದವು. ಪೋರ್ಷೆ ರಸ್ತೆಗೆ ಮಾರಿದ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಬೇರೆಬೇರೆಯಾದದ್ದು ಅದೇ ಮೊದಲು.

ಎಂಜಿನ್ನಿನ ವಿಷಯದಲ್ಲೂ ಇದೇ ಲೆಕ್ಕಾಚಾರ. ಆಗಿನ 911 ಎಸ್ ಕಾರಿನದು 2.4 ಲೀಟರ್, 190 ಅಶ್ವಶಕ್ತಿ. ಸಿಲಿಂಡರಿನ ವ್ಯಾಸವನ್ನು 84 ಮಿ.ಮೀ.ನಿಂದ 90ಕ್ಕೆ ಏರಿಸಿದರೆ 2,687 ಸಿ.ಸಿ. ಆಗುತ್ತದೆ. ಆದರೆ ಎಂಜಿನ್ ಪೆಟ್ಟಿಗೆಯ ಅಳತೆ ಬದಲಾಗುವಂತಿಲ್ಲ, ಅದರೊಳಗೆ ಜಾಗವಿಲ್ಲ. ಹಳೆಯ ಸಿಲಿಂಡರುಗಳ ಒಳಗಿದ್ದ ಕಬ್ಬಿಣದ ತೋಳನ್ನು ತೆಗೆದುಹಾಕಿ, ಅಲ್ಯೂಮಿನಿಯಂ ಗೋಡೆಗೇ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಬೆರೆಸಿದ ತೆಳು ಲೇಪನ ಕೊಟ್ಟರು. ನಿಕಾಸಿಲ್ ಎಂಬ ಈ ಲೇಪನವನ್ನು 917ರ ರೇಸ್ ಎಂಜಿನ್ನುಗಳಲ್ಲಿ ಬಳಸಿ ಕೈಪಳಗಿತ್ತು. ಬೇರೇನನ್ನೂ ಹೆಚ್ಚು ಮುಟ್ಟದೆ 210 ಅಶ್ವಶಕ್ತಿ ಬಂತು. ಇಪ್ಪತ್ತು ಅಶ್ವಶಕ್ತಿ ದೊಡ್ಡದೇನಲ್ಲ ಎನಿಸಬಹುದು. ಆದರೆ ಈ ಹೆಚ್ಚಳ ಇದ್ದದ್ದು ರಸ್ತೆಗಾಗಿ ಅಲ್ಲ. ಇನ್ನೂ ದೊಡ್ಡ ರೇಸ್ ಎಂಜಿನ್ನಿಗೆ ಕಾಗದದ ಮೇಲೆ ದಾರಿ ತೆರೆಯುವುದೇ ಅದರ ಉದ್ದೇಶ.

ಕಾರಿನ ಹಿಂಭಾಗದ ಸಮಸ್ಯೆ ಬೇರೆಯದು. 911ರ ಇಳಿಜಾರು ಬೆನ್ನು ನೋಡಲು ಚೆಂದ. ವೇಗ ಏರಿದಂತೆ ಗಾಳಿ ಅದರ ಮೇಲೆ ಹಾದು ಹಿಂಬದಿಯನ್ನು ಮೇಲಕ್ಕೆತ್ತುತ್ತಿತ್ತು. ಎಂಜಿನ್ ಹಿಂದೆಯೇ ಇರುವ ಕಾರಿಗೆ ಇದು ಅಪಾಯದ ಗುಣ. ಯುವ ಎಂಜಿನಿಯರ್ ಟಿಲ್‌ಮನ್ ಬ್ರೋಡ್‌ಬೆಕ್, ಅವನೊಂದಿಗೆ ಹರ್ಮನ್ ಬುರ್ಸ್ಟ್ ಮತ್ತು ವಿನ್ಯಾಸ ವಿಭಾಗದ ರೋಲ್ಫ್ ವೀನರ್ ವಿಂಡ್ ಟನಲ್‌ನಲ್ಲಿ ಕೂತು ಎಂಜಿನ್ ಮುಚ್ಚಳದ ಅಂಚಿಗೆ ತಗಡು ಸೇರಿಸುತ್ತ, ಎತ್ತರ ಬದಲಿಸುತ್ತ, ಮತ್ತೆ ಅಳೆಯುತ್ತ ಹೋದರು. ಕೊನೆಗೆ ಉಳಿದದ್ದು ಮೇಲಕ್ಕೆ ತಿರುಗಿದ ಒಂದು ಮೊಂಡು ಬಾಲ. ಜನ ಅದನ್ನು ಬಾತುಕೋಳಿಯ ಬಾಲವೆಂದೇ ಕರೆದರು. ಹಿಂಬದಿ ಏಳುವುದು ಕಡಿಮೆಯಾಯಿತು. ಗಾಳಿಯ ತಡೆ ಹೆಚ್ಚುತ್ತದೆ ಎಂದುಕೊಂಡರೆ ಅದೂ ತುಸು ಇಳಿಯಿತು. 1972ರ ಆಗಸ್ಟಿನಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಇವತ್ತು ಯಾವ ಸ್ಪೋರ್ಟ್ಸ್ ಕಾರಿನ ಹಿಂದೆ ಕಣ್ಣಾಡಿಸಿದರೂ ಅದರ ವಂಶಜರು ಕಾಣುತ್ತಾರೆ. ಆಗ ಮಾತ್ರ ಅಂಥ ಬಾಲ ಹೊತ್ತ ಕಾರನ್ನು ಷೋರೂಮಿನಲ್ಲಿ ನಿಲ್ಲಿಸಲು ಧೈರ್ಯ ಬೇಕಿತ್ತು.

ಇನ್ನು ತೂಕ. ರೇಸ್ ಕಾರಿನ ಕನಿಷ್ಠ ತೂಕ ನಿರ್ಧಾರವಾಗುತ್ತಿದ್ದುದು ಮಾನ್ಯತೆ ಪಡೆಯುವಾಗ ತಕ್ಕಡಿ ತೋರಿಸಿದ ಸಂಖ್ಯೆಯ ಮೇಲೆ. ಹೀಗಾಗಿ ಒಂದೊಂದು ಕಿಲೋಗೂ ಜಗಳವಾಡಿದರು. ಹೊರಮೈಗೆ ತೆಳು ಉಕ್ಕಿನ ಹಾಳೆ, ಕಿಟಕಿಗೆ ತೆಳು ಗಾಜು, ಹಿಂದಿನ ಸೀಟು ಇಲ್ಲ, ಗಡಿಯಾರ ಇಲ್ಲ, ಕೋಟು ನೇತುಹಾಕುವ ಕೊಕ್ಕೆ ಇಲ್ಲ, ಪಕ್ಕದಲ್ಲಿ ಕೂರುವವರಿಗೆ ಬಿಸಿಲು ತಡೆಯುವ ಪಟ್ಟಿ ಇಲ್ಲ. ಬಾಗಿಲು ಎಳೆದುಕೊಳ್ಳಲು ಒಂದು ಪಟ್ಟಿ. ಬಾನೆಟ್ಟಿನ ಮೇಲಿನ ಲೋಹದ ಲಾಂಛನ ಕೂಡ ಹೋಗಿ ಸ್ಟಿಕ್ಕರ್ ಬಂತು. ಹಗುರ ಮಾದರಿ 960 ಕೆ.ಜಿ.ಗೆ ಇಳಿಯಿತು. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ 5.8 ಸೆಕೆಂಡು, ಗರಿಷ್ಠ ವೇಗ 245 ಕಿ.ಮೀ. ಇದಕ್ಕೆ 911 ಕರೇರಾ ಆರ್‌ಎಸ್ 2.7 ಎಂದು ಹೆಸರಿಟ್ಟರು. ಫೂರ್ಮನ್‌ನ ಹಳೆಯ ಎಂಜಿನ್ನಿನ ಹೆಸರು ಮೊದಲ ಬಾರಿಗೆ 911ರ ಪಕ್ಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಂತು.

ಕಾರುಗಳನ್ನು ಎಲ್ಲ ಅಲಂಕಾರ ಬಿಚ್ಚಿದ ಸ್ಥಿತಿಯಲ್ಲಿ ತಯಾರಿಸಿ, ಮಾನ್ಯತೆಯ ತೂಕ ಮಾಡಿಸಿದರು. ಆಮೇಲೆ ಹೆಚ್ಚಿನವು ಮತ್ತೆ ಕಾರ್ಖಾನೆಯೊಳಗೆ ಹೋಗಿ ಗ್ರಾಹಕ ಕೇಳಿದ ಕಾರ್ಪೆಟ್ಟು, ಸೀಟು, ಬಾಗಿಲಿನ ಒಳಹೊದಿಕೆ ಹಾಕಿಸಿಕೊಂಡು ಬಂದವು. ತೂಕದ ದಿನವಿದ್ದ ಬರಿಮೈ ರೂಪದಲ್ಲೇ ಉಳಿದವು 17.

1972ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರ್ ಷೋನಲ್ಲಿ ಕಾರು ಹೊರಬಂತು. ನವೆಂಬರ್ ಮುಗಿಯುವಷ್ಟರಲ್ಲಿ 500ಕ್ಕೂ ಗಿರಾಕಿಗಳು ಸಿಕ್ಕಿದ್ದರು. ಬೇಡಿಕೆ ನಿಲ್ಲಲಿಲ್ಲ, ಕಂಪನಿಯೂ ನಿಲ್ಲಿಸಲಿಲ್ಲ. 1973ರ ಬೇಸಿಗೆಯವರೆಗೆ ತಯಾರಾದದ್ದು ಒಟ್ಟು 1,580. ಈ ಸಂಖ್ಯೆಯನ್ನು ಬಿಡಿಸಿ ನೋಡಬೇಕು. 1,308 ಜನ ಕೊಂಡದ್ದು ಕಾರ್ಪೆಟ್ಟು, ಗಡಿಯಾರ ಎಲ್ಲ ಇದ್ದ ಟೂರಿಂಗ್ ಮಾದರಿ. ಹಗುರ ಸ್ಪೋರ್ಟ್ ಮಾದರಿ ಕೊಂಡವರು 200. ಬರಿಮೈಯವು 17. ಉಳಿದ 55 ರೇಸಿಗೆಂದೇ ಕಟ್ಟಿದ ಆರ್‌ಎಸ್‌ಆರ್. ಅಂದರೆ ಟ್ರ್ಯಾಕಿಗೆ ಎಂದೂ ಕಾಲಿಡದ, ಆಫೀಸಿಗೂ ಊರಿಗೂ ಇದೇ ಕಾರಿನಲ್ಲಿ ಹೋಗಿಬಂದ ಸಾವಿರಕ್ಕೂ ಹೆಚ್ಚು ಜನ ಕೊಟ್ಟ ದುಡ್ಡಿನ ಮೇಲೆ ಆ ಐವತ್ತೈದು ರೇಸ್ ಕಾರುಗಳು ನಿಂತಿದ್ದವು. ನಿಯಮ ಬರೆದವರು ಬಯಸಿದ ರಕ್ತಸಂಬಂಧ ಇದಕ್ಕಿಂತ ನಿಜವಾಗಿ ಎಲ್ಲೂ ನೆರವೇರಿದಂತಿಲ್ಲ. 1967ರಲ್ಲಿ ಮಾರಾಟ ವಿಭಾಗ ಗಿರಾಕಿಯನ್ನು ಅರ್ಥಮಾಡಿಕೊಂಡಿರಲಿಲ್ಲ. ರೇಸಿನ ವಾಸನೆಯಿರುವ ಕಾರಿಗೆ, ರೇಸಿಗೆ ಹೋಗದವನೂ ಸಂತೋಷದಿಂದ ದುಡ್ಡು ಕೊಡುತ್ತಾನೆ.

ಈಗ ಆ ಐವತ್ತೈದರ ಕಡೆಗೆ ಬರೋಣ. ಅವುಗಳ ಕೆಲಸ ನಾರ್ಬರ್ಟ್ ಸಿಂಗರ್ ಎಂಬ ಎಂಜಿನಿಯರನ ಹೊಣೆ. 1970ರಲ್ಲಿ ಪೋರ್ಷೆ ಸೇರಿದ ಸಿಂಗರ್‌ಗೆ ಆಗಿನ್ನೂ ಮೂವತ್ತರ ಆಸುಪಾಸು. ಮುಂದಿನ ಮೂರು ದಶಕ ಪೋರ್ಷೆಯ ದೊಡ್ಡ ಗೆಲುವುಗಳಲ್ಲೆಲ್ಲ ಅವನ ಕೈಯಿತ್ತು. ನಿಯಮದ ಪುಸ್ತಕವನ್ನು ಅವನಷ್ಟು ಶ್ರದ್ಧೆಯಿಂದ ಓದಿದವರು ಕಡಿಮೆ. ಆರ್‌ಎಸ್‌ಆರ್‌ನಲ್ಲಿ ಸಿಲಿಂಡರಿನ ವ್ಯಾಸ ಇನ್ನೂ ಎರಡು ಮಿ.ಮೀ. ಹೆಚ್ಚಿ 92 ಆಯಿತು, ಎಂಜಿನ್ 2.8 ಲೀಟರಿಗೆ ಬಂತು. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಸುಮಾರು 300 ಅಶ್ವಶಕ್ತಿ. ಬ್ರೇಕುಗಳು 917ರವು. ಅಗಲಿಸಿದ ಮಡ್‌ಗಾರ್ಡಿನಡಿ ಮುಂದೆ 9 ಇಂಚು, ಹಿಂದೆ 11 ಇಂಚಿನ ಚಕ್ರಗಳು. ಬೆಲೆ 59,000 ಮಾರ್ಕ್. ಆ ದುಡ್ಡಿಗೆ ಒಂದು ಖಾಸಗಿ ತಂಡ, ಮೇಲೊಂದು ಹೊಸ ಪೇಂಟು ಹೊಡೆಸಿ, ಮುಂದಿನ ಭಾನುವಾರವೇ ಓಡಿಸಬಹುದಾದ ಕಾರನ್ನು ಮನೆಗೆ ತರಬಹುದಿತ್ತು.

ಮೊದಲ ದೊಡ್ಡ ಪರೀಕ್ಷೆ 1973ರ ಫೆಬ್ರುವರಿಯಲ್ಲಿ, ಅಮೆರಿಕದ ಡೇಟೋನಾ 24 ಗಂಟೆಯ ರೇಸ್. ಗ್ರೂಪ್ 4 ಮಾನ್ಯತೆ ಜಾರಿಗೆ ಬರಲು ಇನ್ನೂ ಒಂದು ತಿಂಗಳಿದ್ದುದರಿಂದ ಆರ್‌ಎಸ್‌ಆರ್ ಪ್ರೋಟೊಟೈಪುಗಳ ಸಾಲಿನಲ್ಲೇ ನಿಲ್ಲಬೇಕಾಯಿತು. ಅಲ್ಲಿದ್ದವು ಫ್ರಾನ್ಸಿನ ಮಾತ್ರಾ, ಬ್ರಿಟನ್ನಿನ ಮಿರಾಜ್, ಲೋಲಾ. ಎಲ್ಲವೂ ರೇಸಿಗೆಂದೇ ಹುಟ್ಟಿದ ಕಾರುಗಳು. ಎರಡು ಆರ್‌ಎಸ್‌ಆರ್‌ಗಳು ಬಂದಿದ್ದವು. ಒಂದು ರೋಜರ್ ಪೆನ್ಸ್ಕೆಯ ತಂಡದ್ದು, ಮಾರ್ಕ್ ಡೊನಹ್ಯೂ ಮತ್ತು ಜಾರ್ಜ್ ಫೋಲ್ಮರ್ ಓಡಿಸಿದ್ದು. ಇನ್ನೊಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನ ಬ್ರೂಮೋಸ್ ಎಂಬ ಪೋರ್ಷೆ ಡೀಲರನದು. ಅದನ್ನು ಓಡಿಸಿದವರು ಆ ಡೀಲರ್‌ಷಿಪ್ಪಿನ ಮಾಲೀಕ ಪೀಟರ್ ಗ್ರೆಗ್ ಮತ್ತು ಹರ್ಲಿ ಹೇವುಡ್. ವಾರದ ದಿನಗಳಲ್ಲಿ ಕಾರು ಮಾರುವವನು ವಾರದ ಕೊನೆಗೆ ಅದೇ ಕಾರಿನಲ್ಲಿ ಜಗತ್ತಿನ ದೊಡ್ಡ ತಂಡಗಳ ಎದುರು ನಿಂತಿದ್ದ.

ರಾತ್ರಿ ಕಳೆಯುವಷ್ಟರಲ್ಲಿ ಪ್ರೋಟೊಟೈಪುಗಳು ಒಂದಾದ ಮೇಲೊಂದು ಕೆಟ್ಟು ನಿಂತವು. ಪೆನ್ಸ್ಕೆಯ ಆರ್‌ಎಸ್‌ಆರ್ ಕೂಡ ಎಂಜಿನ್ ತೊಂದರೆಯಿಂದ ಹಿಂದೆ ಸರಿಯಿತು. ಬ್ರೂಮೋಸಿನ 59ನೇ ನಂಬರಿನ ಕಾರು ಓಡುತ್ತಲೇ ಇತ್ತು. ಕೊನೆಗೆ ಅದು ಗೆದ್ದದ್ದು ಎರಡನೆಯ ಸ್ಥಾನದ ಫೆರಾರಿಗಿಂತ 22 ಸುತ್ತು ಮುಂದೆ. ದೈವ ಒಲಿಯಿತು ಎಂದು ಇದನ್ನು ತಳ್ಳಿಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಇಪ್ಪತ್ತನಾಲ್ಕು ಗಂಟೆಯ ರೇಸಿನಲ್ಲಿ ಕೆಡದಿರುವುದೂ ವೇಗದಷ್ಟೇ ದೊಡ್ಡ ಸಾಮರ್ಥ್ಯ. ಮಳೆ, ಚಳಿ, ಟ್ರಾಫಿಕ್ಕು ಎಲ್ಲವನ್ನೂ ತಾಳಲೆಂದು ಕಟ್ಟಿದ ರಸ್ತೆಯ ಕಾರು ತಂದ ವರ ಅದೇ.

ಮಾರ್ಚ್‌ನಲ್ಲಿ ಸೆಬ್ರಿಂಗ್ 12 ಗಂಟೆಯ ರೇಸ್. ಅಲ್ಲಿ ಗೆದ್ದ ಆರ್‌ಎಸ್‌ಆರ್ ಡೇವ್ ಹೆಲ್ಮಿಕ್ ಎಂಬ ಖಾಸಗಿ ಚಾಲಕನ ಸ್ವಂತದ್ದು. ಗ್ರೆಗ್ ಮತ್ತು ಹೇವುಡ್ ಅವನ ಜೊತೆ ಸರದಿಯಲ್ಲಿ ಓಡಿಸಿದರು. ಈ ಕಾರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಡೇಟೋನಾವನ್ನು ಹಾಡಿಹೊಗಳಿ ಸೆಬ್ರಿಂಗನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಅನ್ಯಾಯ. ಒಬ್ಬ ಗಿರಾಕಿ ದುಡ್ಡು ಕೊಟ್ಟು ಕೊಂಡ ಕಾರು, ಆ ಗಿರಾಕಿಯೂ ಸ್ಟೀರಿಂಗ್ ಹಿಡಿದು, ಅಮೆರಿಕದ ಅತಿ ಹಳೆಯ ದೀರ್ಘ ಓಟದ ರೇಸುಗಳಲ್ಲೊಂದನ್ನು ಇಡಿಯಾಗಿ ಗೆದ್ದದ್ದು ಅಲ್ಲಿ. ಫೂರ್ಮನ್ ಹಾಕಿದ ಲೆಕ್ಕ ಸರಿಯಾಗಿತ್ತೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೇ ತಿಂಗಳಲ್ಲಿ ಸಿಸಿಲಿಯ ಬೆಟ್ಟದ ರಸ್ತೆಗಳಲ್ಲಿ, 72 ಕಿ.ಮೀ. ಉದ್ದದ ಸುತ್ತಿನ ಟಾರ್ಗಾ ಫ್ಲೋರಿಯೋವನ್ನು ಕಂಪನಿಯದೇ ತಂಡದ ಆರ್‌ಎಸ್‌ಆರ್ ಗೆದ್ದಿತು. ಓಡಿಸಿದವರು ಹರ್ಬರ್ಟ್ ಮ್ಯುಲ್ಲರ್ ಮತ್ತು ಗೈಸ್ ಫಾನ್ ಲೆನ್ನೆಪ್. ಫೆರಾರಿ, ಆಲ್ಫಾ ರೋಮಿಯೋ ಪ್ರೋಟೊಟೈಪುಗಳು ಆ ಕಿರಿದಾದ ರಸ್ತೆಗಳಲ್ಲಿ ಕೆಟ್ಟವು, ಇಲ್ಲವೇ ಗುದ್ದಿಕೊಂಡವು. ವಿಶ್ವ ಚಾಂಪಿಯನ್‌ಶಿಪ್‌ನ ಭಾಗವಾಗಿ ಆ ರೇಸ್ ನಡೆದದ್ದು ಅದೇ ಕೊನೆ.

ಮಾರಾಟದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಘಟನೆ ಅದೇ ವರ್ಷದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಬೇರೆಬೇರೆ ಬಗೆಯ ರೇಸುಗಳ ಹನ್ನೆರಡು ದೊಡ್ಡ ಚಾಲಕರನ್ನು ಒಂದೇ ಬಗೆಯ ಕಾರಿನಲ್ಲಿ ಕೂರಿಸಿದರೆ ಯಾರು ಗೆಲ್ಲುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಐರಾಕ್ ಎಂಬ ಸರಣಿ ಹುಟ್ಟಿತು. ಅದಕ್ಕಾಗಿ ಪೆನ್ಸ್ಕೆ ಪೋರ್ಷೆಯಿಂದ ಹದಿನೈದು ಆರ್‌ಎಸ್‌ಆರ್ ಕಾರುಗಳನ್ನು ತರಿಸಿದ. ಒಂದೊಂದಕ್ಕೂ ಒಂದೊಂದು ಬಣ್ಣ. ಎಂಜಿನ್ ಈಗ ಮೂರು ಲೀಟರ್. ಹಳೆಯ ಮೆಗ್ನೀಸಿಯಂ ಪೆಟ್ಟಿಗೆ ಇಷ್ಟು ದೊಡ್ಡ ವ್ಯಾಸವನ್ನು ತಾಳದೆಂದು ಅಲ್ಯೂಮಿನಿಯಂ ಪೆಟ್ಟಿಗೆಗೆ ಬದಲಾಗಿದ್ದರು. ಎಮರ್ಸನ್ ಫಿಟ್ಟಿಪಾಲ್ಡಿ, ಡೆನಿ ಹ್ಯೂಮ್, ಎ.ಜೆ. ಫಾಯ್ಟ್, ರಿಚರ್ಡ್ ಪೆಟ್ಟಿ ಎಲ್ಲ ಅದರಲ್ಲಿ ಕೂತರು. 1974ರ ಫೆಬ್ರುವರಿಯಲ್ಲಿ ಸರಣಿ ಮುಗಿದಾಗ ಗೆದ್ದವನು ಡೊನಹ್ಯೂ. ಆಮೇಲೆ ಆ ಕಾರುಗಳು ಖಾಸಗಿ ಚಾಲಕರ ಕೈಸೇರಿ ವರ್ಷಗಟ್ಟಲೆ ಓಡಿದವು. ಒಂದೇ ಅಚ್ಚಿನ ರೇಸ್ ಕಾರುಗಳನ್ನು ಸಾಲಾಗಿ ತಯಾರಿಸಿ ಮಾರುವ ಇಂದಿನ ಪದ್ಧತಿಯ ಬೀಜ ಇಲ್ಲಿತ್ತು, ಮೊಳಕೆಯೊಡೆಯಲು ಸ್ವಲ್ಪ ಕಾಲ ಹಿಡಿಯಿತು.

ಮಧ್ಯದ ಕಾಲ ಟರ್ಬೋಗಳದು. 1974ರಲ್ಲಿ ಬಂದ 911 ಟರ್ಬೋ ರಸ್ತೆ ಕಾರಿನಿಂದ 1976ರ ಹೊತ್ತಿಗೆ ಎರಡು ರೇಸ್ ಕಾರುಗಳು ಹುಟ್ಟಿದವು: ಗ್ರೂಪ್ 4ಕ್ಕೆ 934, ಹೆಚ್ಚು ಸ್ವಾತಂತ್ರ್ಯವಿದ್ದ ಗ್ರೂಪ್ 5ಕ್ಕೆ 935. 934ರಲ್ಲಿ ಒಂದು ಸೊಗಸಾದ ವಿವರವಿದೆ. ಆ ವರ್ಗದಲ್ಲಿ ಅದರ ಕನಿಷ್ಠ ತೂಕ 1,120 ಕೆ.ಜಿ. ಇದ್ದದ್ದರಿಂದ ಅದಕ್ಕಿಂತ ಹಗುರ ಮಾಡಿ ಲಾಭವಿರಲಿಲ್ಲ. ಹಾಗಾಗಿ 485 ಅಶ್ವಶಕ್ತಿಯ ಆ ಉಗ್ರ ಕಾರಿನಲ್ಲಿ ರಸ್ತೆ ಕಾರಿನ ಎಲೆಕ್ಟ್ರಿಕ್ ಕಿಟಕಿಗಳು ಹಾಗೆಯೇ ಉಳಿದವು. ಬೀದಿಯಲ್ಲಿ ಓಡುವ ಕಾರಿಗೂ ಟ್ರ್ಯಾಕಿನ ಕಾರಿಗೂ ಇರುವ ನಂಟಿಗೆ ಇದೊಂದು ಗುರುತು. 935ರಲ್ಲಿ ಸಿಂಗರ್ ನಿಯಮವನ್ನು ಬೇರೊಂದು ರೀತಿ ಓದಿದ. ಮಡ್‌ಗಾರ್ಡುಗಳ ಆಕಾರಕ್ಕೆ ಮಿತಿಯಿಲ್ಲ ಎಂದು ಬರೆದಿತ್ತು; 911ರ ಹೆಡ್‌ಲೈಟುಗಳು ಇರುವುದು ಮಡ್‌ಗಾರ್ಡಿನ ಮೇಲೆಯೇ. ಅವನ್ನು ಕೆಳಗೆ ಬಂಪರಿಗೆ ಇಳಿಸಿ, ಮೂತಿಯನ್ನು ಚಪ್ಪಟೆ ಮಾಡಿಬಿಟ್ಟ.

935 ಖಾಸಗಿಯವರ ಕೈಗೆ ಬಂದ ಮೇಲೆ ಗಿರಾಕಿ ಬರೀ ಗಿರಾಕಿಯಾಗಿ ಉಳಿಯಲಿಲ್ಲ. ಕಲೋನ್ ನಗರದ ಕ್ರೆಮರ್ ಸೋದರರು ತಮ್ಮ ಗ್ಯಾರೇಜಿನಲ್ಲಿ 935ನ್ನು ಬಿಚ್ಚಿ, ಮೈಯನ್ನೂ ಟರ್ಬೋದ ಗಾಳಿ ತಂಪಾಗಿಸುವ ವ್ಯವಸ್ಥೆಯನ್ನೂ ತಮ್ಮದೇ ರೀತಿಯಲ್ಲಿ ಮಾಡಿ ಕೆ3 ಎಂಬ ಕಾರು ಕಟ್ಟಿದರು. 1979ರ ಲೆ ಮಾನ್. ಪೋರ್ಷೆ ತನ್ನ ಅಪ್ಪಟ ಪ್ರೋಟೊಟೈಪುಗಳಾದ ಎರಡು 936ಗಳನ್ನು ತಂದಿತ್ತು. ಎರಡೂ ಕೊನೆ ಮುಟ್ಟಲಿಲ್ಲ. ಕ್ಲೌಸ್ ಲುಡ್‌ವಿಗ್ ಮತ್ತು ಅಮೆರಿಕದ ವಿಟಿಂಗ್ಟನ್ ಸೋದರರು ಓಡಿಸಿದ ಕೆ3, ಮಳೆಯಲ್ಲಿ, ನಡುವೆ ಬೆಲ್ಟ್ ಹರಿದು ದಾರಿಯಲ್ಲೇ ನಿಂತು ರಿಪೇರಿಯಾಗಿ, ಕೊನೆಗೂ ಗೆದ್ದಿತು. ಎರಡನೆಯದೂ ಖಾಸಗಿ ತಂಡದ 935. ಅದರ ಚಾಲಕರಲ್ಲಿ ಒಬ್ಬ ಹಾಲಿವುಡ್ ನಟ ಪಾಲ್ ನ್ಯೂಮನ್. ಮೂರನೆಯದೂ 935, ನಾಲ್ಕನೆಯದು 934. ಕಂಪನಿ ಸೋತ ದಿನ ಅದರ ಗ್ರಾಹಕರು ಮೊದಲ ನಾಲ್ಕೂ ಸ್ಥಾನಗಳನ್ನು ತಂದುಕೊಟ್ಟಿದ್ದರು.

ವ್ಯಾಪಾರ ಇಂದಿನ ರೂಪಕ್ಕೆ ಬಂದದ್ದು 1990ರಲ್ಲಿ. 944 ಟರ್ಬೋ ಕಾರಿನಿಂದ ನಡೆಸುತ್ತಿದ್ದ ಒಂದೇ ಮಾದರಿಯ ಸರಣಿಯ ಜಾಗಕ್ಕೆ ಜರ್ಮನಿಯಲ್ಲಿ ಕರೇರಾ ಕಪ್ ಶುರುವಾಯಿತು. ಅದರ ಕಾರನ್ನು ಹದಗೊಳಿಸಿದವನು ರೋಲಂಡ್ ಕುಸ್‌ಮೌಲ್. ರಸ್ತೆಗೆ ಹೋಗುವ 911 ಕರೇರಾ 2ರ ಎಂಜಿನ್ನಿಗೆ ಕೊಂಚ ಚುರುಕು ಕೊಟ್ಟು 265 ಅಶ್ವಶಕ್ತಿ ಮಾಡಿ, ಎಬಿಎಸ್ ಬ್ರೇಕನ್ನೂ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಉಳಿಸಿಕೊಂಡು, ಒಳಗೆ ಉಕ್ಕಿನ ಪಂಜರ ಬೆಸೆದರು. ಮೊದಲ ವರ್ಷ ಚಾಂಪಿಯನ್ ಆದ ಓಲಾಫ್ ಮಾಂಟೈ ಮುಂದೆ ತನ್ನದೇ ತಂಡ ಕಟ್ಟಿದ. ಆ ತಂಡ ಇವತ್ತು ಪೋರ್ಷೆ ಕಾರುಗಳ ಅತಿ ಯಶಸ್ವಿ ತಂಡಗಳಲ್ಲೊಂದು. 1993ರಿಂದ ಫಾರ್ಮುಲಾ ಒನ್ ವಾರಾಂತ್ಯಗಳಲ್ಲಿ ಸೂಪರ್‌ಕಪ್ ಕೂಡ ಸೇರಿಕೊಂಡಿತು. 1999ರಲ್ಲಿ ಬಂದ 911 ಜಿಟಿ3, ಆರ್‌ಎಸ್ 2.7ರಂತೆಯೇ, ರೇಸ್ ಕಾರಿಗೆ ಆಧಾರವಾಗಲೆಂದು ಹುಟ್ಟಿದ ರಸ್ತೆ ಕಾರು. ಅದರ ರೇಸ್ ರೂಪ ಅದೇ ವರ್ಷ ಲೆ ಮಾನ್‌ನಲ್ಲಿ ಮಾಂಟೈ ತಂಡದ ಕೈಯಲ್ಲಿ ತನ್ನ ವರ್ಗ ಗೆದ್ದಿತು.

ಸ್ಟುಟ್‌ಗಾರ್ಟಿನ ಝುಫೆನ್‌ಹೌಸೆನ್ ಕಾರ್ಖಾನೆಯಲ್ಲಿ ಈಗಲೂ ಕಪ್ ಕಾರುಗಳು ರಸ್ತೆಯ 911ಗಳ ಜೊತೆ ಒಂದೇ ಸಾಲಿನಲ್ಲಿ ತಯಾರಾಗುತ್ತವೆ. ಮುಂದೊಂದು ಚರ್ಮದ ಸೀಟಿನ ಕಾರು, ಹಿಂದೊಂದು ಪಂಜರದ ಕಾರು. 2021ರ ಮಾದರಿಗೆ 510 ಅಶ್ವಶಕ್ತಿ, ತೆರಿಗೆ ಬಿಟ್ಟು ಬೆಲೆ 2,25,000 ಯೂರೋ ಇತ್ತು. ಗಿರಾಕಿಯ ಕಣ್ಣು ಅಶ್ವಶಕ್ತಿಗಿಂತ ಹೆಚ್ಚಾಗಿ ಬೀಳುವುದು ಇನ್ನೊಂದು ಸಂಖ್ಯೆಯ ಮೇಲೆ: ಎಂಜಿನ್ನನ್ನು ಬಿಚ್ಚಿ ನೋಡಬೇಕಾದದ್ದು ಟ್ರ್ಯಾಕಿನಲ್ಲಿ 100 ಗಂಟೆ ಓಡಿದ ಮೇಲೆ. ಖಾಸಗಿ ತಂಡ ಬದುಕುವುದು, ಮುಳುಗುವುದು ಇಂಥ ಲೆಕ್ಕದ ಮೇಲೆ. ಕಾರು ಕೊಳ್ಳುವುದು ಒಮ್ಮೆ, ರಿಪೇರಿ ಪ್ರತಿ ವಾರ.

2006ರಲ್ಲಿ ಸ್ಟೆಫಾನ್ ರಾಟೆಲ್ ಎಂಬ ಫ್ರೆಂಚ್ ಸಂಘಟಕ ಜಿಟಿ3 ಎಂಬ ವರ್ಗವನ್ನೇ ಕಸ್ಟಮರ್ ಕಾರುಗಳಿಗಾಗಿ ಕಟ್ಟಿದಾಗ ಹಳೆಯ 500ರ ಲೆಕ್ಕದ ಬಿಗಿ ಸಡಿಲವಾಯಿತು. ಎಂಜಿನ್ ಮುಂದಿರಲಿ ಹಿಂದಿರಲಿ, ಚಿಕ್ಕದಿರಲಿ ದೊಡ್ಡದಿರಲಿ, ಸಂಘಟಕರು ತೂಕ ಸೇರಿಸಿ, ಗಾಳಿ ಎಳೆಯುವ ಕೊಳವೆಯನ್ನು ಕಿರಿದಾಗಿಸಿ ಎಲ್ಲ ಕಾರುಗಳನ್ನು ಸರಿಸಮ ಮಾಡುತ್ತಾರೆ. ಇದರಿಂದ ರಸ್ತೆ ಕಾರಿನ ನಂಟು ಅಲ್ಲಲ್ಲಿ ಸಡಿಲಾದದ್ದು ನಿಜ. ಮರ್ಸಿಡಿಸ್ ಎಎಂಜಿ ಜಿಟಿ ರಸ್ತೆ ಕಾರಿನಲ್ಲಿರುವುದು ನಾಲ್ಕು ಲೀಟರಿನ ಟರ್ಬೋ ಎಂಜಿನ್. 2016ರಿಂದ ಓಡುತ್ತಿರುವ ಅದರ ಜಿಟಿ3 ರೂಪದಲ್ಲಿ ಇರುವುದು ಟರ್ಬೋ ಇಲ್ಲದ 6.2 ಲೀಟರಿನ ಹಳೆಯ ಎಂಜಿನ್. ಶುದ್ಧಿಯನ್ನು ಬಯಸುವವರಿಗೆ ಇದು ಒಪ್ಪಿಗೆಯಾಗದು. ಆದರೆ ಆ ಹಳೆಯ ಎಂಜಿನ್ ಗಟ್ಟಿ, ಪಳಗಿದ್ದು. ಗ್ರಾಹಕನ ಹಿತ ನೋಡಿ ಮಾಡಿದ ಆಯ್ಕೆ ಅದು.

ಬೆಂಗಳೂರಿನ ಹುಡುಗನೊಬ್ಬನಿಗೆ ಬಾಗಿಲು ತೆರೆದದ್ದೂ ಇದೇ ಬಗೆಯ ಕಾರು. 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ ಮೈನಿ ಕುಟುಂಬದ ಅರ್ಜುನ್ ಮೈನಿ ಯುರೋಪಿನಲ್ಲಿ ಫಾರ್ಮುಲಾ ಕಾರುಗಳ ಮೆಟ್ಟಿಲು ಹತ್ತುತ್ತಿದ್ದ. ಜರ್ಮನಿಯ ಹೆಸರಾಂತ ಡಿಟಿಎಂ ಸರಣಿ 2020ರವರೆಗೆ ಕಂಪನಿಗಳ ದುಬಾರಿ ವಿಶೇಷ ಕಾರುಗಳದ್ದಾಗಿತ್ತು. ಮರ್ಸಿಡಿಸ್ 2018ರ ಕೊನೆಗೆ, ಆಡಿ 2020ರ ಕೊನೆಗೆ ಅಲ್ಲಿಂದ ಕಾಲು ತೆಗೆದವು. ಮುಚ್ಚುವ ಹಂತಕ್ಕೆ ಬಂದ ಸರಣಿ 2021ರಲ್ಲಿ ಜಿಟಿ3 ಕಸ್ಟಮರ್ ಕಾರುಗಳಿಗೆ ಬದಲಾಗಿ ಉಳಿದುಕೊಂಡಿತು. ಆ ವರ್ಷವೇ ಗೆಟ್‌ಸ್ಪೀಡ್ ಎಂಬ ಖಾಸಗಿ ತಂಡದ ಮರ್ಸಿಡಿಸ್ ಜಿಟಿ3ಯಲ್ಲಿ ಕೂತು ಮೈನಿ ಡಿಟಿಎಂಗೆ ಇಳಿದ ಮೊದಲ ಭಾರತೀಯನಾದ. ಬೆಂಗಳೂರಿನವನೇ ಆದ ಅಖಿಲ್ ರಬೀಂದ್ರ ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ರಸ್ತೆ ಕಾರಿಗೆ ಇನ್ನೂ ಹತ್ತಿರವಿರುವ ಜಿಟಿ4 ವರ್ಗದಲ್ಲಿ ಆಸ್ಟನ್ ಮಾರ್ಟಿನ್ ವಾಂಟೇಜ್ ಓಡಿಸಿದ್ದಾನೆ. ಮೈನಿ ಆಮೇಲೆ ಹೌಪ್ಟ್ ರೇಸಿಂಗ್ ಟೀಮ್ ಸೇರಿದ. 2025ರಲ್ಲಿ ಆ ತಂಡ ಡಿಟಿಎಂನಲ್ಲಿ ಮರ್ಸಿಡಿಸ್ ಬಿಟ್ಟು ಫೋರ್ಡ್ ಮಸ್ಟಾಂಗ್ ಜಿಟಿ3ಗೆ ಬದಲಾಯಿತು. ಅಮೆರಿಕದ ಬೀದಿಗಳಲ್ಲಿ ಓಡುವ ಮಸ್ಟಾಂಗಿನ ವಿ8 ಎಂಜಿನ್ನನ್ನು ಆಧಾರವಾಗಿಟ್ಟು ಬ್ರಿಟನ್ನಿನ ಎಂ-ಸ್ಪೋರ್ಟ್ ಸಂಸ್ಥೆ 5.4 ಲೀಟರಿನ ರೇಸ್ ಎಂಜಿನ್ ಮಾಡಿಕೊಡುತ್ತದೆ, ಕೆನಡಾದ ಮಲ್ಟಿಮ್ಯಾಟಿಕ್ ಕಾರನ್ನು ಕಟ್ಟುತ್ತದೆ, ದುಡ್ಡು ಕೊಟ್ಟ ಖಾಸಗಿ ತಂಡಗಳು ಅದನ್ನು ಟ್ರ್ಯಾಕಿಗೆ ಒಯ್ಯುತ್ತವೆ.